ಎಣಿಕೆಗೆ ಹುಟ್ಟಿದ ಪರೀಕ್ಷೆ ತೀರ್ಪು ಕೊಡಲು ಕೂತಾಗ

1997ರ ಅಕ್ಟೋಬರಿನಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, 12 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ ಅಮೆರಿಕನ್ನರಲ್ಲಿ ನೂರಕ್ಕೆ 21.9 ಮಂದಿಯ ರಕ್ತದಲ್ಲಿ ಎರಡನೇ ವಿಧದ ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ಸಿನ ಪ್ರತಿಕಾಯಗಳಿದ್ದವು. ಜನನಾಂಗದಲ್ಲಿ ಮತ್ತೆ ಮತ್ತೆ ನೀರ್ಗುಳ್ಳೆ ಏಳಿಸುವುದು ಈ ವೈರಸ್ಸೇ. ಲೆಕ್ಕ ಹಾಕಿದರೆ ಅದು ಸುಮಾರು ನಾಲ್ಕೂವರೆ ಕೋಟಿ ಜನ. ಅವರಲ್ಲಿ ತಮಗೆ ಈ ರೋಗ ಎಂದಾದರೂ ಬಂದಿತ್ತು ಎಂದು ಹೇಳಿದವರು ನೂರಕ್ಕೆ ಹತ್ತಕ್ಕಿಂತ ಕಡಿಮೆ. ಗುಳ್ಳೆಯನ್ನು ಕಂಡ ವೈದ್ಯರು ಕೊಟ್ಟ ಲೆಕ್ಕವಲ್ಲ ಇದು. 1988ರಿಂದ 1994ರವರೆಗೆ ನಡೆದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯಲ್ಲಿ ತೆಗೆದ ರಕ್ತ ಕೊಟ್ಟ ಲೆಕ್ಕ. ಒಂದು ಇಡೀ ದೇಶಕ್ಕೆ ತನ್ನೊಳಗೆ ಏನಿದೆ ಎಂದು ತಿಳಿದದ್ದು ರಕ್ತಪರೀಕ್ಷೆಯಿಂದ. ಕೆಲವೇ ವರ್ಷಗಳಲ್ಲಿ ಅದೇ ತತ್ವದ ಪರೀಕ್ಷೆ ಲ್ಯಾಬುಗಳಲ್ಲಿ ಯಾರು ಬೇಕಾದರೂ ಹಣ ಕೊಟ್ಟು ಮಾಡಿಸಿಕೊಳ್ಳುವಂತಾಯಿತು. ಅಲ್ಲಿಂದ ಅದರ ತಪ್ಪುಗಳ ಕಥೆ ಶುರುವಾಗುತ್ತದೆ. ಪರೀಕ್ಷೆ ಕೆಟ್ಟದ್ದಾಗಿತ್ತು ಎಂದು ಇದನ್ನು ವಿವರಿಸಿ ಮುಗಿಸುವವರಿದ್ದಾರೆ. ನನ್ನ ವಾದ ಬೇರೆ. ಸಮುದಾಯದಲ್ಲಿ ಎಷ್ಟು ಮಂದಿಗೆ ಸೋಂಕಿದೆ ಎಂಬ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದ ಸಾಧನವನ್ನು, ಇವರಿಗೆ ಸೋಂಕಿದೆಯೇ ಎಂಬ ಪ್ರಶ್ನೆಗೆ ಒಡ್ಡಿದಾಗ ಈ ತಪ್ಪು ಹುಟ್ಟಿತು. ಹಾಗಾಗುತ್ತದೆ ಎಂದು ವೈದ್ಯಲೋಕಕ್ಕೆ ಆಗಲೇ ಗೊತ್ತಿತ್ತು. ಏಕೆಂದರೆ ಅದೇ ಶತಮಾನದ ಆರಂಭದಲ್ಲಿ ಸಿಫಿಲಿಸ್ ಪರೀಕ್ಷೆ ಈ ಪಾಠವನ್ನು ಒಮ್ಮೆ ಕಲಿಸಿ ಮುಗಿಸಿತ್ತು.

ಸಿಫಿಲಿಸ್ಸಿನ ಆ ಪ್ರಕರಣವನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. 1906ರಲ್ಲಿ ಬರ್ಲಿನ್ನಿನ ಆಗಸ್ಟ್ ಫಾನ್ ವಾಸರ್‌ಮನ್, ಬ್ರೆಸ್ಲಾವಿನ ಆಲ್ಬರ್ಟ್ ನೈಸರ್ ಮತ್ತು ಕಾರ್ಲ್ ಬ್ರುಕ್ ಸೇರಿ ಸಿಫಿಲಿಸ್‌ಗೆ ರಕ್ತಪರೀಕ್ಷೆಯೊಂದನ್ನು ಪ್ರಕಟಿಸಿದರು. ಅದರ ತತ್ವ ಬೆಲ್ಜಿಯಮ್ಮಿನ ಜೂಲ್ ಬೋರ್ಡೆ ಕಂಡುಹಿಡಿದದ್ದು. ಸಿಫಿಲಿಸ್‌ನಿಂದ ಸತ್ತ ಭ್ರೂಣದ ಯಕೃತ್ತಿನ ಸಾರವನ್ನು ರೋಗಿಯ ರಕ್ತಸಾರದೊಂದಿಗೆ ಬೆರೆಸಿದಾಗ ಆಗುವ ಪ್ರತಿಕ್ರಿಯೆ, ರೋಗಾಣುವಿನ ವಿರುದ್ಧ ದೇಹ ಕಟ್ಟಿಕೊಂಡ ಪ್ರತಿಕಾಯವನ್ನು ತೋರಿಸುತ್ತದೆ ಎಂಬುದು ಅವರ ನಂಬಿಕೆ. ಮರುವರ್ಷವೇ ವಿಯೆನ್ನಾದಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ಮತ್ತು ಜೊತೆಗಾರರು, ರೋಗವೇ ಇಲ್ಲದ ಪ್ರಾಣಿಯ ಹೃದಯದ ಸಾರವನ್ನು ಬಳಸಿದರೂ ಪರೀಕ್ಷೆ ಅಷ್ಟೇ ಚೆನ್ನಾಗಿ ನಡೆಯುತ್ತದೆ ಎಂದು ತೋರಿಸಿದರು. ಅಂದರೆ ಅದು ಅಳೆಯುತ್ತಿದ್ದುದು ಸಿಫಿಲಿಸ್ ರೋಗಾಣುವಿನ ವಿರುದ್ಧದ ಪ್ರತಿಕಾಯವನ್ನೇ ಅಲ್ಲ. ಅಂಗಾಂಶಕ್ಕೆ ಹಾನಿಯಾದಾಗ ದೇಹದಲ್ಲೇ ಏಳುವ, ಒಂದು ಬಗೆಯ ಕೊಬ್ಬಿನ ವಿರುದ್ಧದ ಪ್ರತಿಕ್ರಿಯೆ ಅದು. ಆ ಕೊಬ್ಬನ್ನು ದನದ ಹೃದಯದಿಂದ ಶುದ್ಧವಾಗಿ ಬೇರ್ಪಡಿಸಿ ಕಾರ್ಡಿಯೋಲಿಪಿನ್ ಎಂದು ಹೆಸರಿಟ್ಟವರು ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯ ಮೇರಿ ಪ್ಯಾಂಗ್‌ಬೋರ್ನ್, 1941ರಲ್ಲಿ. ನಡುವಿನ ಮೂವತ್ತನಾಲ್ಕು ವರ್ಷ, ತಾನು ಏನನ್ನು ಅಳೆಯುತ್ತಿದ್ದೇನೆಂದು ಸ್ಪಷ್ಟವಾಗಿ ತಿಳಿಯದ ಪರೀಕ್ಷೆಯೊಂದು ಲಕ್ಷಾಂತರ ಜನರಿಗೆ ಸಿಫಿಲಿಸ್ ಇದೆ, ಇಲ್ಲ ಎಂದು ಹೇಳುತ್ತಲೇ ಇತ್ತು.

ಆದರೂ ಅದು ಕೆಲಸಕ್ಕೆ ಬಾರದ ಪರೀಕ್ಷೆಯಾಗಿರಲಿಲ್ಲ. ಲ್ವೂವ್ ನಗರದ ವೈದ್ಯ ಲುಡ್ವಿಕ್ ಫ್ಲೆಕ್ 1935ರಲ್ಲಿ ಇದರ ಕುರಿತೇ ಒಂದು ಪುಸ್ತಕ ಬರೆದರು. ವಿಜ್ಞಾನದ ಚರಿತ್ರೆ ಓದುವವರು ಇಂದಿಗೂ ಅದನ್ನು ತೆಗೆದು ನೋಡುತ್ತಾರೆ. ಮೊದಮೊದಲು ರೋಗಿಗಳಲ್ಲಿ ನೂರಕ್ಕೆ 15–20 ಮಂದಿಯನ್ನಷ್ಟೇ ಗುರುತಿಸುತ್ತಿದ್ದ ಪರೀಕ್ಷೆ ಮುಂದೆ 70–90 ಮಂದಿಯನ್ನು ಗುರುತಿಸುವಂತಾದದ್ದು ಹೇಗೆ ಎಂದು ಅವರು ಹುಡುಕಿದರು. ಯಾವುದೋ ಒಂದು ಆವಿಷ್ಕಾರದಿಂದ ಅದು ಸಾಧ್ಯವಾಗಿರಲಿಲ್ಲ. ನೂರಾರು ಪ್ರಯೋಗಾಲಯಗಳ ಕೈಗಳು ದ್ರಾವಣದ ಪ್ರಮಾಣವನ್ನು, ಕಾಯುವ ಹೊತ್ತನ್ನು, ಪಾಸಿಟಿವ್ ಎನ್ನುವ ಗೆರೆಯನ್ನು ತಿದ್ದುತ್ತ ತಿದ್ದುತ್ತ ಅದನ್ನು ಪಳಗಿಸಿದ್ದವು. ಹಾಗೆ ಪಳಗಿಸಿದ್ದರಿಂದಲೇ ಒಂದೇ ರಕ್ತಕ್ಕೆ ಒಂದು ಊರಿನಲ್ಲಿ ಪಾಸಿಟಿವ್, ಇನ್ನೊಂದರಲ್ಲಿ ನೆಗೆಟಿವ್ ಬರುವ ಪರಿಸ್ಥಿತಿಯೂ ಇತ್ತು. ರಾಷ್ಟ್ರಸಂಘ 1923 ಮತ್ತು 1928ರಲ್ಲಿ ಕೋಪನ್‌ಹೇಗನ್ನಿಗೆ ಬೇರೆ ಬೇರೆ ದೇಶಗಳ ತಜ್ಞರನ್ನು ಕರೆಸಿ, ಒಂದೇ ಮಾದರಿಗಳನ್ನು ಎಲ್ಲರ ಕೈಗೂ ಕೊಟ್ಟು ಫಲಿತಾಂಶಗಳನ್ನು ಹೋಲಿಸಬೇಕಾಗಿ ಬಂದದ್ದು ಇದೇ ಕಾರಣಕ್ಕೆ. ಜೊತೆಗೆ ಕುಷ್ಠ, ಮಲೇರಿಯಾ ಇದ್ದವರಲ್ಲಿ, ಕೆಲವೊಮ್ಮೆ ಗರ್ಭಿಣಿಯರಲ್ಲಿ ಸಿಫಿಲಿಸ್ ಇಲ್ಲದೆಯೂ ಪಾಸಿಟಿವ್ ಬರುತ್ತಿತ್ತು. ಈ ಎರಡು ರೋಗಗಳೂ ಮನೆಮಾಡಿಕೊಂಡಿದ್ದ ನಮ್ಮಂಥ ದೇಶಗಳಿಗೆ ಇದು ಸಣ್ಣ ವಿಷಯವಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಅಮೆರಿಕದ ಕನೆಕ್ಟಿಕಟ್ ರಾಜ್ಯ 1935ರಲ್ಲಿ ಮದುವೆಯಾಗಬಯಸುವ ಪ್ರತಿಯೊಬ್ಬರೂ ಸಿಫಿಲಿಸ್ ರಕ್ತಪರೀಕ್ಷೆ ಮಾಡಿಸಲೇಬೇಕೆಂದು ಕಾನೂನು ತಂದಿತು. ಮುಂದೆ ಬಹುಪಾಲು ರಾಜ್ಯಗಳು ಅದೇ ದಾರಿ ಹಿಡಿದವು. ಆಸ್ಪತ್ರೆಗೆ ಹುಣ್ಣು ತೋರಿಸಲು ಬಂದವನ ಮೇಲೆ ನಡೆಯುತ್ತಿದ್ದ ಪರೀಕ್ಷೆ ಈಗ ಯಾವ ಲಕ್ಷಣವೂ ಇಲ್ಲದ ವಧೂವರರ ಮೇಲೆ ನಡೆಯತೊಡಗಿತು. ಪರೀಕ್ಷೆ ಬದಲಾಗಲಿಲ್ಲ, ಅದರ ಮುಂದೆ ನಿಂತವರು ಬದಲಾದರು. ಸುಳ್ಳು ಪಾಸಿಟಿವ್‌ಗಳ ಪಾಲು ಏರಿದ್ದು ಅದರಿಂದ. 1949ರಲ್ಲಿ ಜಾನ್ಸ್ ಹಾಪ್‌ಕಿನ್ಸ್‌ನ ನೆಲ್ಸನ್ ಮತ್ತು ಮೇಯರ್ ಜೀವಂತ ರೋಗಾಣುವನ್ನೇ ಬಳಸುವ ಖಚಿತ ಪರೀಕ್ಷೆಯೊಂದನ್ನು ಕಂಡುಹಿಡಿದ ಮೇಲೆ, ಹಳೆಯ ಪಾಸಿಟಿವ್‌ಗಳನ್ನು ಮರುಪರಿಶೀಲಿಸಲು ದಾರಿಯಾಯಿತು. ಎಷ್ಟೋ ಮಂದಿಗೆ ಸಿಫಿಲಿಸ್ ಇರಲೇ ಇಲ್ಲ ಎಂದು ಆಗ ಬಯಲಾಯಿತು. ಅವರಲ್ಲಿ ಕೆಲವರಲ್ಲಿ, ಮುಖ್ಯವಾಗಿ ಹೆಂಗಸರಲ್ಲಿ, ವರ್ಷಗಳ ನಂತರ ಲೂಪಸ್ ಎಂಬ, ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಅಂಗಾಂಶದ ಮೇಲೆ ತಿರುಗಿಬೀಳುವ ರೋಗ ಕಾಣಿಸಿಕೊಂಡಿತು. ಅಷ್ಟು ಹೊತ್ತಿಗೆ ಸಿಫಿಲಿಸ್ಸಿನ ಕಳಂಕ ಹೊತ್ತು, ಆರ್ಸೆನಿಕ್ ಚುಚ್ಚುಮದ್ದು ಪಡೆದು, ನಿಶ್ಚಯವಾದ ಮದುವೆ ಮುರಿದುಕೊಂಡವರಿಗೆ ಆ ಶೋಧ ತಡವಾಗಿತ್ತು.

ಹರ್ಪಿಸ್‌ನ ಕಷ್ಟ ಇನ್ನೊಂದು ಬಗೆಯದು. ಸರ್ಪಸುತ್ತಿನ ವೈರಸ್ ಇದೇ ಕುಟುಂಬದ್ದಾದರೂ ಅದು ಇಲ್ಲಿಯ ಮಾತಲ್ಲ. ಹರ್ಪಿಸ್ ಸಿಂಪ್ಲೆಕ್ಸ್‌ನಲ್ಲೇ ಎರಡು ವಿಧಗಳಿವೆ. ಮೊದಲನೆಯದು ಹೆಚ್ಚಾಗಿ ಬಾಲ್ಯದಲ್ಲೇ ಅಂಟಿ ತುಟಿಯ ಸುತ್ತ ಜ್ವರದ ಗುಳ್ಳೆ ಏಳಿಸುತ್ತದೆ. ಎರಡನೆಯದು ಹೆಚ್ಚಾಗಿ ಲೈಂಗಿಕ ಸಂಪರ್ಕದಿಂದ ಬರುತ್ತದೆ. 1962ರಲ್ಲಿ ಜರ್ಮನಿಯ ಷ್ನೆವೈಸ್ ಇವೆರಡನ್ನೂ ಪ್ರತಿಕಾಯಗಳ ಮೂಲಕ ಬೇರ್ಪಡಿಸಿ ತೋರಿಸಿದರು. 1968ರಲ್ಲಿ ಅಟ್ಲಾಂಟಾದ ಆಂಡ್ರೆ ನಹ್ಮಿಯಾಸ್ ಮತ್ತು ವಾಲ್ಟರ್ ಡೌಡ್ಲ್ ಅವುಗಳ ಗುಣಭೇದವನ್ನು ವಿಸ್ತಾರವಾಗಿ ವಿವರಿಸಿದರು. ಆದರೆ ಎರಡರ ವಂಶವಾಹಿಯಲ್ಲಿ ಸುಮಾರು ಅರ್ಧ ಒಂದೇ. ಒಂದರ ವಿರುದ್ಧ ಹುಟ್ಟಿದ ಪ್ರತಿಕಾಯ ಇನ್ನೊಂದಕ್ಕೂ ಅಂಟಿಕೊಳ್ಳುತ್ತದೆ. ಹೀಗಾಗಿ ಮೊದಲ ಎರಡು ದಶಕ ಪರೀಕ್ಷೆಗಳು ತುಟಿಯ ಗುಳ್ಳೆಯನ್ನೂ ಜನನಾಂಗದ ಸೋಂಕನ್ನೂ ಬೇರೆ ಮಾಡಲಾರದೆ ಒದ್ದಾಡಿದವು. 1982ರ ಆಗಸ್ಟಿನಲ್ಲಿ ‘ಟೈಮ್’ ವಾರಪತ್ರಿಕೆ ಹರ್ಪಿಸನ್ನು ಮುಖಪುಟಕ್ಕೆ ತಂದು, ಅಮೆರಿಕದಲ್ಲಿ ಕಳಂಕ ಮತ್ತು ಭಯವನ್ನು ಮನೆಮನೆಗೆ ಮುಟ್ಟಿಸಿದಾಗ, ಲಕ್ಷಣ ಇಲ್ಲದವರ ರಕ್ತ ನೋಡಿ ಇದು ಎರಡನೇ ವಿಧ ಎಂದು ನೆಚ್ಚಿ ಹೇಳಬಲ್ಲ ಪರೀಕ್ಷೆ ಮಾರುಕಟ್ಟೆಯಲ್ಲಿ ಇರಲಿಲ್ಲ. ಭಯ ಮೊದಲು ಬಂತು, ಪರೀಕ್ಷೆ ಆಮೇಲೆ ಬಂತು. ಪರೀಕ್ಷೆಗೆ ಮುಂದೆ ಸಿಕ್ಕ ಗಿರಾಕಿಗಳ ಸಂಖ್ಯೆಗೆ ಈ ಕ್ರಮವೇ ಕಾರಣವೆಂದು ನನಗನ್ನಿಸುತ್ತದೆ.

ದಾರಿ ತೋರಿಸಿದ್ದು ವೈರಸ್ಸಿನ ಮೈಮೇಲಿನ ಒಂದು ಪ್ರೋಟೀನು, ಗ್ಲೈಕೋಪ್ರೋಟೀನ್ ಜಿ. ಎರಡು ವಿಧಗಳಲ್ಲಿ ಇದರ ರಚನೆ ಸಾಕಷ್ಟು ಬೇರೆ. 1985ರಲ್ಲಿ ನಹ್ಮಿಯಾಸರನ್ನೊಳಗೊಂಡ ತಂಡ ಶುದ್ಧೀಕರಿಸಿದ ಈ ಪ್ರೋಟೀನನ್ನು ಬಳಸಿ ಎರಡನೇ ವಿಧದ ಪ್ರತಿಕಾಯವನ್ನಷ್ಟೇ ಹಿಡಿಯುವ ವಿಧಾನವನ್ನು ಪ್ರಕಟಿಸಿತು. ಅದರ ಮೊದಲ ದೊಡ್ಡ ಬಳಕೆ ಸಮೀಕ್ಷೆಗೆ: 1976ರಿಂದ 1980ರ ನಡುವೆ ತೆಗೆದು ಶೇಖರಿಸಿಟ್ಟಿದ್ದ ರಕ್ತಸಾರವನ್ನು ಪರೀಕ್ಷಿಸಿ, 15ರಿಂದ 74 ವಯಸ್ಸಿನವರಲ್ಲಿ ನೂರಕ್ಕೆ 16.4 ಮಂದಿಗೆ ಸೋಂಕಿದೆ ಎಂದು 1989ರಲ್ಲಿ ವರದಿಯಾಯಿತು. ಎಂಟು ವರ್ಷದ ನಂತರ ಬಂದ 21.9ರ ಅಂಕಿ ಇದರ ಮುಂದುವರಿಕೆ. ಇಂಥ ಎಣಿಕೆಯಲ್ಲಿ ಪರೀಕ್ಷೆ ಸ್ವಲ್ಪ ತಪ್ಪಿದರೂ ಪರವಾಗಿಲ್ಲ. ಎಷ್ಟು ತಪ್ಪುತ್ತದೆಂದು ಗೊತ್ತಿದ್ದರೆ ಒಟ್ಟು ಮೊತ್ತದಿಂದ ಅಷ್ಟನ್ನು ಕಳೆದು ತಿದ್ದಿಕೊಳ್ಳಬಹುದು. ದಶಕದಿಂದ ದಶಕಕ್ಕೆ ಏರಿತೋ ಇಳಿಯಿತೋ ಎಂಬುದಂತೂ ಇನ್ನೂ ನೆಚ್ಚಿಕೆಯಿಂದ ತಿಳಿಯುತ್ತದೆ. ಆದರೆ ಒಬ್ಬ ವ್ಯಕ್ತಿಯ ರಿಪೋರ್ಟಿನಲ್ಲಿ ಹೀಗೆ ಕಳೆದು ತಿದ್ದುವ ದಾರಿಯೇ ಇಲ್ಲ. ಅಲ್ಲಿ ಇರುವುದು ಪಾಸಿಟಿವ್ ಅಥವಾ ನೆಗೆಟಿವ್.

ಈ ವ್ಯತ್ಯಾಸಕ್ಕೆ ಲೆಕ್ಕದ ಭಾಷೆ ಸಿಕ್ಕಿದ್ದು 1947ರಲ್ಲೇ. ಎಕ್ಸ್-ರೇ ಚಿತ್ರಗಳನ್ನು ಓದುವುದರಲ್ಲಿ ವೈದ್ಯರು ಎಷ್ಟು ತಪ್ಪುತ್ತಾರೆಂದು ಅಳೆಯುತ್ತ ಜೇಕಬ್ ಯೆರುಷಾಲ್ಮಿ, ರೋಗವಿದ್ದವರನ್ನು ಹಿಡಿಯುವ ಶಕ್ತಿ ಮತ್ತು ರೋಗವಿಲ್ಲದವರನ್ನು ಬಿಡುವ ಶಕ್ತಿ ಎಂಬ ಎರಡು ಅಳತೆಗಳನ್ನು ಬೇರೆ ಮಾಡಿದರು. 1966ರಲ್ಲಿ ಥಾಮಸ್ ವೆಕ್ಕಿಯೊ, ಆರಿಸದ ಜನಸಮೂಹದ ಮೇಲೆ ನಡೆಸಿದ ಒಂದೇ ಪರೀಕ್ಷೆಯ ಪಾಸಿಟಿವ್‌ಗೆ ಎಷ್ಟು ಬೆಲೆ ಎಂದು ಗಣಿತದಿಂದ ತೋರಿಸಿದರು. ಅವರ ದಾರಿಯಲ್ಲೇ ಒಂದು ಲೆಕ್ಕ ಮಾಡೋಣ. ಸೋಂಕಿದ್ದ ನೂರರಲ್ಲಿ 99 ಮಂದಿಯನ್ನು ಹಿಡಿಯುವ, ಸೋಂಕಿಲ್ಲದ ನೂರರಲ್ಲಿ 90 ಮಂದಿಯನ್ನು ಸರಿಯಾಗಿ ಬಿಡುವ ಪರೀಕ್ಷೆ ನಮ್ಮ ಕೈಯಲ್ಲಿದೆ ಎನ್ನಿ. ಅರ್ಧದಷ್ಟು ಮಂದಿಗೆ ಸೋಂಕಿರುವ ಸಾವಿರ ಜನರ ಮೇಲೆ ಅದನ್ನು ನಡೆಸಿದರೆ 495 ನಿಜವಾದ ಪಾಸಿಟಿವ್, 50 ಸುಳ್ಳು. ಅದೇ ಪರೀಕ್ಷೆಯನ್ನು ನೂರಕ್ಕೆ 12 ಮಂದಿಗೆ ಸೋಂಕಿರುವ ಸಾವಿರ ಜನರ ಮೇಲೆ ನಡೆಸಿದರೆ ನಿಜವಾದದ್ದು ಸುಮಾರು 119, ಸುಳ್ಳು 88. ನೂರಕ್ಕೆ ಇಬ್ಬರಿಗಷ್ಟೇ ಸೋಂಕಿರುವ ಕಡೆ ನಿಜವಾದದ್ದು 20, ಸುಳ್ಳು 98. ಕಿಟ್ಟೂ ಅದೇ, ಲ್ಯಾಬೂ ಅದೇ, ಕೆಲಸ ಮಾಡಿದ ಟೆಕ್ನಿಷಿಯನ್ನೂ ಅವರೇ. ಈ ಪರೀಕ್ಷೆ ನೂರಕ್ಕೆ ಎಷ್ಟು ನಿಖರ ಎಂದು ಕೇಳಿದರೆ, ಯಾರ ಮೇಲೆ ಎಂದು ಮರುಪ್ರಶ್ನೆ ಹಾಕದೆ ಉತ್ತರಿಸಲು ಬರುವುದಿಲ್ಲ.

ಗ್ಲೈಕೋಪ್ರೋಟೀನ್ ಜಿ ಆಧರಿಸಿದ, ಪ್ರತಿಕಾಯ ಇದ್ದರೆ ಬಣ್ಣ ಬರುವ ಎಲೈಸಾ ಎಂಬ ಬಗೆಯ ಕಿಟ್‌ಗಳು ಕಳೆದ ಶತಮಾನದ ಕೊನೆಯಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದವು. ಬಣ್ಣ ಎಷ್ಟು ಗಾಢವಾಗಿ ಬಂತು ಎಂಬುದರಿಂದ ಒಂದು ಸೂಚ್ಯಂಕ ಸಿಗುತ್ತದೆ. ಹೆಚ್ಚು ಬಳಕೆಗೆ ಬಂದ ಹರ್ಪಿಸೆಲೆಕ್ಟ್ ಕಿಟ್ಟಿನಲ್ಲಿ ಅದು 1.1 ದಾಟಿದರೆ ಪಾಸಿಟಿವ್. ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದು ವಾಸರ್‌ಮನ್ನರ ಕಾಲದಂತೆಯೇ ಮನುಷ್ಯರು ಮಾಡಿದ ತೀರ್ಮಾನ. ಉಗಾಂಡದಲ್ಲಿ ಕೆಲಸ ಮಾಡುತ್ತಿದ್ದ ಸಂಶೋಧಕರಿಗೆ ಈ ಗೆರೆ ಅಲ್ಲಿಯ ಜನರಿಗೆ ಒಗ್ಗುವುದಿಲ್ಲವೆಂದು ಬೇಗನೆ ತಿಳಿಯಿತು. ಸುಳ್ಳು ಪಾಸಿಟಿವ್‌ಗಳನ್ನು ತಗ್ಗಿಸಲು ಅವರು ಅದನ್ನು 3ಕ್ಕಿಂತ ಮೇಲೆ ಏರಿಸಿಕೊಳ್ಳಬೇಕಾಯಿತು. ಖಚಿತಪಡಿಸಿಕೊಳ್ಳಲು ಇದ್ದದ್ದು ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರೋಡಾ ಆಶ್ಲಿ 1980ರ ದಶಕದಲ್ಲಿ ರೂಪಿಸಿದ ವೆಸ್ಟರ್ನ್ ಬ್ಲಾಟ್. ಅದು ಒಂದೇ ಪ್ರೋಟೀನನ್ನು ನೆಚ್ಚುವುದಿಲ್ಲ. ವೈರಸ್ಸಿನ ಹಲವು ಪ್ರೋಟೀನುಗಳನ್ನು ಪಟ್ಟಿಗಳಾಗಿ ಹರಡಿ, ಯಾವ ಯಾವ ಪಟ್ಟಿಗೆ ಪ್ರತಿಕಾಯ ಅಂಟಿತೆಂದು ಪಳಗಿದ ಕಣ್ಣು ಓದುತ್ತದೆ. ಅಲ್ಲಿಗೆ ಬಂದ ಮಾದರಿಗಳ ಮೇಲೆ 2017ರಲ್ಲಿ ಪ್ರಕಟವಾದ ಅಧ್ಯಯನವನ್ನು ಅಮೆರಿಕದ ರೋಗನಿಯಂತ್ರಣ ಕೇಂದ್ರ ತನ್ನ 2021ರ ಮಾರ್ಗಸೂಚಿಯಲ್ಲಿ ಎತ್ತಿ ಹೇಳಿದೆ: ಎರಡನೇ ವಿಧಕ್ಕೆ ಎಲೈಸಾ, ಸೋಂಕಿಲ್ಲದವರನ್ನು ಸರಿಯಾಗಿ ಬಿಟ್ಟದ್ದು ನೂರಕ್ಕೆ 57.4ರಷ್ಟು ಮಾತ್ರ, 1.1ರಿಂದ 2.9ರ ನಡುವಿನ ಮಂಕು ಪಾಸಿಟಿವ್‌ಗಳಲ್ಲಂತೂ ಇನ್ನೂ ಕಡಿಮೆ. ಅನುಮಾನ ಬಂದವರೇ ಸಿಯಾಟಲ್‌ಗೆ ರಕ್ತ ಕಳಿಸುತ್ತಾರಾದ್ದರಿಂದ ಈ ಅಂಕಿ ಎಲ್ಲರಿಗೂ ಅನ್ವಯಿಸುವುದಿಲ್ಲ ಎಂಬ ಆಕ್ಷೇಪವಿದೆ. ಆಕ್ಷೇಪ ಸರಿ. ಆದರೆ ಅದು ನನ್ನ ವಾದಕ್ಕೇ ಬಲ ಕೊಡುತ್ತದೆ: ಎದುರಿಗಿರುವವರು ಬದಲಾದಂತೆ ನಿಖರತೆಯೂ ಬದಲಾಗುತ್ತದೆ. ಅಮೆರಿಕದ ರೋಗತಡೆ ಸೇವೆಗಳ ಕಾರ್ಯಪಡೆ ಲಕ್ಷಣವಿಲ್ಲದ ಜನರಿಗೆ ಈ ಪರೀಕ್ಷೆ ಬೇಡವೆಂದು 2005ರಲ್ಲಿ ಹೇಳಿತು, 2016ರಲ್ಲಿ ಪುನರುಚ್ಚರಿಸಿತು, 2023ರಲ್ಲಿ ಮತ್ತೆ ಹೇಳಿತು. ಅಲ್ಲಿಯ ಸಾಮಾನ್ಯ ಜನರನ್ನು ಪರೀಕ್ಷಿಸಿದರೆ ಬರುವ ಪಾಸಿಟಿವ್‌ಗಳಲ್ಲಿ ಹೆಚ್ಚುಕಡಿಮೆ ಅರ್ಧ ಸುಳ್ಳಾಗಬಹುದು ಎಂಬುದು ಅದು ಕೊಟ್ಟ ಮುಖ್ಯ ಕಾರಣಗಳಲ್ಲೊಂದು.

ಇದಕ್ಕೆ ಬರುವ ಗಟ್ಟಿ ವಿರೋಧ ಒಂದಿದೆ. ಸೋಂಕಿರುವ ಬಹುಪಾಲು ಜನರಿಗೆ ಅದು ಗೊತ್ತಿಲ್ಲ, ಗೊತ್ತಿಲ್ಲದೆಯೇ ಅವರು ಹರಡುತ್ತಾರೆ. 2011ರ ಅಧ್ಯಯನವೊಂದರಲ್ಲಿ ಲಕ್ಷಣ ಕಂಡವರು ನೂರಕ್ಕೆ 20 ದಿನ ವೈರಸ್ ಹೊರಹಾಕುತ್ತಿದ್ದರೆ, ಎಂದೂ ಲಕ್ಷಣ ಕಾಣದವರು ನೂರಕ್ಕೆ 10 ದಿನ ಹೊರಹಾಕುತ್ತಿದ್ದರು. ಹೀಗಿರುವಾಗ ಕೆಲವರಿಗೆ ಸುಳ್ಳು ಭಯವಾದರೂ ಎಲ್ಲರನ್ನೂ ಪರೀಕ್ಷಿಸುವುದು ಮೇಲಲ್ಲವೇ ಎಂದು ಕೇಳುವವರ ಕಳಕಳಿ ನಿಜವಾದದ್ದು. ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದ 1,484 ಜೋಡಿಗಳ ಮೇಲೆ ನಡೆದ, 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸೋಂಕಿದ್ದವರು ದಿನವೂ ವ್ಯಾಲಸೈಕ್ಲೋವಿರ್ ಮಾತ್ರೆ ತೆಗೆದುಕೊಂಡದ್ದರಿಂದ ಸೋಂಕು ದಾಟುವುದು ನೂರಕ್ಕೆ 48ರಷ್ಟು ಇಳಿಯಿತು. ಇಂಥ ಜೋಡಿಗಳಿಗೆ, ಮರುಕಳಿಸುವ ಗುಳ್ಳೆಯಿದ್ದೂ ಸ್ವಾಬ್ ಪರೀಕ್ಷೆಯಲ್ಲಿ ಏನೂ ಸಿಗದವರಿಗೆ ರಕ್ತಪರೀಕ್ಷೆ ಉಪಕಾರ ಮಾಡುತ್ತದೆ. ಏಕೆಂದರೆ ಅವರಲ್ಲಿ ಸೋಂಕಿರುವ ಸಾಧ್ಯತೆ ಮೊದಲೇ ಹೆಚ್ಚು. ಆದರೆ ಎಲ್ಲರನ್ನೂ ಪರೀಕ್ಷಿಸಿದರೆ ಏನಾಗುತ್ತದೆಂಬುದಕ್ಕೆ ಚರಿತ್ರೆಯಲ್ಲೇ ಉತ್ತರವಿದೆ. 1988ರಲ್ಲಿ ಇಲಿನಾಯ್ ರಾಜ್ಯ ಮದುವೆಗೆ ಮುನ್ನ ಎಚ್‌ಐವಿ ಪರೀಕ್ಷೆ ಕಡ್ಡಾಯ ಮಾಡಿತು. ಮೊದಲ ಆರು ತಿಂಗಳಲ್ಲಿ 70,846 ಅರ್ಜಿದಾರರಲ್ಲಿ ಸೋಂಕು ಸಿಕ್ಕಿದ್ದು ಎಂಟು ಮಂದಿಯಲ್ಲಿ. ಮದುವೆ ಪರವಾನಗಿಗಳು ಐದರಲ್ಲೊಂದು ಪಾಲಿಗಿಂತಲೂ ಹೆಚ್ಚು ಕುಸಿದವು. ಜನ ಗಡಿ ದಾಟಿ ನೆರೆರಾಜ್ಯಗಳಲ್ಲಿ ಮದುವೆಯಾದರು. ಮರುವರ್ಷವೇ ಕಾನೂನನ್ನು ಹಿಂತೆಗೆಯಬೇಕಾಯಿತು.

ಎಚ್‌ಐವಿ ಪರೀಕ್ಷೆಯನ್ನು ನಂಬುತ್ತೇವಲ್ಲ, ಹರ್ಪಿಸ್‌ಗೆ ಮಾತ್ರ ಏಕೆ ಅನುಮಾನ ಎಂದೂ ಕೇಳಬಹುದು. ಎಚ್‌ಐವಿಯಲ್ಲಿ ನಾವು ನಂಬುವುದು ಒಂದು ಕಿಟ್ಟನ್ನಲ್ಲ, ಕಿಟ್‌ಗಳ ಸರಣಿಯನ್ನು. ಭಾರತದ ಸರ್ಕಾರಿ ಪರೀಕ್ಷಾ ಕೇಂದ್ರಗಳಲ್ಲಿ ಲಕ್ಷಣವಿಲ್ಲದ ವ್ಯಕ್ತಿಗೆ ಸೋಂಕಿದೆ ಎಂದು ಹೇಳುವ ಮುನ್ನ ಬೇರೆ ಬೇರೆ ತತ್ವದ ಮೂರು ಕಿಟ್‌ಗಳಲ್ಲೂ ಪಾಸಿಟಿವ್ ಬರಬೇಕು. ಮೊದಲ ಕಿಟ್ ತಪ್ಪಿದರೂ ಎರಡನೆಯದು, ಮೂರನೆಯದು ಅದೇ ವ್ಯಕ್ತಿಯ ಮೇಲೆ ಅದೇ ತಪ್ಪು ಮಾಡುವ ಸಾಧ್ಯತೆ ತೀರ ಕಡಿಮೆ. ಹರ್ಪಿಸ್‌ಗೆ ಇಂಥ ಸರಣಿಯನ್ನು ಯಾವ ಸರ್ಕಾರವೂ ಕಟ್ಟಲಿಲ್ಲ. ಸಿಯಾಟಲ್‌ನ ದುಬಾರಿ ಪರೀಕ್ಷೆ ಎಲ್ಲರ ಕೈಗೆಟುಕುವಂಥದ್ದಲ್ಲ. ಒಂದೇ ಎಲೈಸಾದ ಮಾತು ಕೊನೆಯ ಮಾತಾಯಿತು. ಇದರ ಜೊತೆಗೆ ರಕ್ತ ಹೇಳಲಾರದ ಇನ್ನೊಂದು ಸಂಗತಿಯಿದೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಲ್ಲಿ ಹೊಸ ಜನನಾಂಗ ಹರ್ಪಿಸ್‌ಗೆ ಮೊದಲ ವಿಧದ ವೈರಸ್ ಕಾರಣವಾಗಿದ್ದ ಪಾಲು 1993ರಲ್ಲಿ ನೂರಕ್ಕೆ 31 ಇದ್ದದ್ದು 2001ರಲ್ಲಿ 78ಕ್ಕೇರಿತ್ತು. ಮೊದಲ ವಿಧದ ಪ್ರತಿಕಾಯ ಕಂಡರೆ ಅದು ಬಾಲ್ಯದಲ್ಲಿ ತುಟಿಗೆ ಬಂದದ್ದೋ, ಮೊನ್ನೆ ಬೇರೆಲ್ಲೋ ಬಂದದ್ದೋ ರಕ್ತಕ್ಕೆ ಗೊತ್ತಿಲ್ಲ.

ಈ ಕಥೆ ಕರ್ನಾಟಕದ ಬಾಗಿಲಿಗೂ ಬರುತ್ತದೆ, ಅದೂ ನಹ್ಮಿಯಾಸರ ಮೂಲಕವೇ. 1971ರಲ್ಲಿ ಅವರು ಮತ್ತು ಸಹೋದ್ಯೋಗಿಗಳು ಟಾಕ್ಸೋಪ್ಲಾಸ್ಮಾ, ರುಬೆಲ್ಲಾ, ಸೈಟೊಮೆಗಲೋ ಮತ್ತು ಹರ್ಪಿಸ್ ಸೋಂಕುಗಳ ಮೊದಲಕ್ಷರಗಳನ್ನು ಸೇರಿಸಿ ಟಾರ್ಚ್ ಎಂಬ ಹೆಸರು ಕೊಟ್ಟರು. ಹುಟ್ಟಿದ ಮಗುವಿನಲ್ಲಿ ಇವೆಲ್ಲ ಒಂದೇ ಬಗೆಯಾಗಿ ಕಾಣಿಸಿಕೊಳ್ಳಬಹುದೆಂದು ವೈದ್ಯರಿಗೆ ನೆನಪಿಸುವುದು ಅದರ ಉದ್ದೇಶವಾಗಿತ್ತು. ನಮ್ಮಲ್ಲಿ ಅದು ಗರ್ಭ ನಿಲ್ಲದ ಹೆಣ್ಣುಮಕ್ಕಳಿಗೆ ಬರೆದುಕೊಡುವ ಪ್ಯಾಕೇಜು. ಬೆಂಗಳೂರಿನಿಂದ ಜಿಲ್ಲಾ ಪಟ್ಟಣಗಳವರೆಗೆ ಖಾಸಗಿ ಲ್ಯಾಬುಗಳ ದರಪಟ್ಟಿಯಲ್ಲಿ ಟಾರ್ಚ್ ಪ್ಯಾನೆಲ್ ಇದ್ದೇ ಇರುತ್ತದೆ. ಅದರಲ್ಲಿ ಹರ್ಪಿಸ್‌ಗೆ ಐಜಿಎಂ ಎಂಬ ಬಗೆಯ ಪ್ರತಿಕಾಯವನ್ನು ನೋಡುವುದು ರೂಢಿ. ಈ ಐಜಿಎಂ ಮೊದಲ ಸೋಂಕಿನಲ್ಲೂ ಬರಬಹುದು, ಹಳೆಯ ಸೋಂಕು ಕೆದರಿದಾಗಲೂ ಬರಬಹುದು. ಒಂದನೇ ವಿಧವೋ ಎರಡನೆಯದೋ ಎಂದು ಹೇಳುವುದಿಲ್ಲ. ಅಮೆರಿಕದ ರೋಗನಿಯಂತ್ರಣ ಕೇಂದ್ರ ಇದನ್ನು ಬಳಸಲೇಬೇಡಿ ಎನ್ನುತ್ತದೆ. ಮತ್ತೆ ಮತ್ತೆ ಗರ್ಭಪಾತವಾದವರಿಗೆ ಟಾರ್ಚ್ ಪರೀಕ್ಷೆಯಿಂದ ಪ್ರಯೋಜನವಿಲ್ಲವೆಂದು ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜೂ ಹೇಳಿದೆ. ಹರ್ಪಿಸ್ ಮಗುವಿಗೆ ನಿಜಕ್ಕೂ ಅಪಾಯವಾಗುವುದು ತಾಯಿಗೆ ಹೆರಿಗೆಯ ಹೊತ್ತಿಗೆ ಮೊದಲ ಬಾರಿ ಸೋಂಕು ತಗುಲಿದಾಗ; ಆಗ ಮಗುವಿಗೆ ದಾಟುವ ಸಾಧ್ಯತೆ ನೂರಕ್ಕೆ 30ರಿಂದ 50. ಹಳೆಯ ಸೋಂಕಿದ್ದವರಲ್ಲಿ ಅದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಮೂರನೇ ತಿಂಗಳಲ್ಲಿ ಗರ್ಭ ಕಳೆದುಕೊಂಡ ಹೆಂಗಸಿನ ಐಜಿಎಂ ರಿಪೋರ್ಟು ಇವೆರಡರಲ್ಲಿ ಯಾವುದು ಎಂಬ ಪ್ರಶ್ನೆಗೆ ಉತ್ತರಿಸುವುದಿಲ್ಲ.

ಆದರೂ ಆ ರಿಪೋರ್ಟು ಮನೆಗೆ ಹೋಗುತ್ತದೆ. ಲೈಂಗಿಕ ರೋಗದ ಹೆಸರು ಹೊತ್ತ ಹಾಳೆಯನ್ನು ಅತ್ತೆ ಮಾವಂದಿರೂ ಓದುತ್ತಾರೆ. ಗರ್ಭ ನಿಲ್ಲದ ನೋವಿನ ಮೇಲೆ ಶೀಲದ ಪ್ರಶ್ನೆಯೂ ಬಂದು ಕೂರುತ್ತದೆ. ಪರೀಕ್ಷೆಗೆ ಹೋದದ್ದು ಅವಳೊಬ್ಬಳೇ ಆದ್ದರಿಂದ ಅನುಮಾನವೂ ಅವಳೊಬ್ಬಳ ಮೇಲೆಯೇ. ಇದನ್ನು ತಪ್ಪಿಸಲು ಹೊಸ ಆವಿಷ್ಕಾರ ಬೇಕಿಲ್ಲ. ಗುಳ್ಳೆ ಇದ್ದಾಗ ಅದರ ದ್ರವವನ್ನೇ ಸ್ವಾಬ್‌ನಲ್ಲಿ ತೆಗೆದು ಪಿಸಿಆರ್ ಮಾಡಿದರೆ ವೈರಸ್ ಇದೆಯೋ, ಯಾವ ವಿಧ, ಯಾವ ಜಾಗ ಎಂಬ ಮೂರೂ ತಿಳಿಯುತ್ತವೆ. ರಕ್ತವನ್ನೇ ನೋಡಬೇಕಾಗಿ ಬಂದರೆ ಐಜಿಜಿ ಎಂಬ ಇನ್ನೊಂದು ಬಗೆಯ ಪ್ರತಿಕಾಯವನ್ನು ನೋಡಿ ವಿಧವನ್ನು ಬೇರ್ಪಡಿಸುವ ಪರೀಕ್ಷೆಯೇ ಆಗಬೇಕು. ರಿಪೋರ್ಟಿನಲ್ಲಿ ಬರಿಯ ಪಾಸಿಟಿವ್ ಎಂದು ಬಿಡದೆ ಸೂಚ್ಯಂಕವನ್ನೂ ಮುದ್ರಿಸಬೇಕು. ಅದು 3ಕ್ಕಿಂತ ಕೆಳಗಿದ್ದರೆ ಬೇರೆ ತತ್ವದ ಎರಡನೇ ಪರೀಕ್ಷೆಯಾಗುವವರೆಗೆ ಯಾರಿಗೂ ರೋಗದ ಹೆಸರು ಹಚ್ಚಬಾರದು. ಸೋಂಕು ತಗುಲಿರಬಹುದಾದ ದಿನದಿಂದ ಹನ್ನೆರಡು ವಾರ ಕಳೆಯುವ ಮೊದಲು ಬಂದ ನೆಗೆಟಿವ್ ಕೂಡ ಕೊನೆಯದಲ್ಲವೆಂದು ಅದೇ ಹಾಳೆಯಲ್ಲಿ ಕನ್ನಡದಲ್ಲಿ ಬರೆದಿರಬೇಕು. ಟಾರ್ಚ್ ಪ್ಯಾನೆಲ್ಲಿನಲ್ಲಿ ಉಳಿದದ್ದನ್ನು ಏನು ಮಾಡಬೇಕೆಂದು ಪ್ರಸೂತಿ ತಜ್ಞರು ತೀರ್ಮಾನಿಸಲಿ. ಹರ್ಪಿಸ್ ಐಜಿಎಂ ಸಾಲನ್ನು ಮಾತ್ರ ಅದರಿಂದ ಇಂದೇ ತೆಗೆದುಹಾಕಬಹುದು.